ಮಾಯವ್ವ ಏರಿಸಿದ ಶ್ರುತಿ

ಬೆಳಗಾವಿಯ ಅರ್ಧ ಊರಿಗೆ ಮಾಯವ್ವನ ದನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ದೂರವಾಣಿ ಕಚೇರಿಯಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಕೇಳಿದವರಿಗೆ ನಂಬರು ಹುಡುಕಿ ಹೇಳುವುದು ಅವಳ ಕೆಲಸ. ದಪ್ಪನೆಯ, ತುಸು ಒರಟಾದ, ಆದರೆ ಒಂದಿಷ್ಟೂ ಅಲುಗದ ದನಿ. ಆ ಕಡೆಯಿಂದ ಎಷ್ಟೋ ಮಂದಿ ‘ಸಾಹೇಬ್ರ’ ಎಂದು ಮಾತು ಶುರುಮಾಡಿ, ಹೆಣ್ಣುಮಗಳೆಂದು ತಿಳಿದ ಮೇಲೆ ನಾಚಿಕೊಳ್ಳುತ್ತಿದ್ದರು. ಖಾನಾಪುರದ ಆಚೆ ಬೀಡಿ ಎಂಬ ಊರಿನ ಹತ್ತಿರ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ನಾಲ್ಕಕ್ಷರ ಕಲಿತು ನೌಕರಿ ಹಿಡಿದವಳು. ಗಂಡ ಯಲ್ಲೇಶ ಟೆಂಪೊ ಓಡಿಸುತ್ತಿದ್ದ. ಅನಗೋಳದ ಒಂದು ಓಣಿಯಲ್ಲಿ ಇಬ್ಬರೂ ಬಾಡಿಗೆ ಮನೆ ಮಾಡಿಕೊಂಡಿದ್ದರು.

ಒಂದು ದಿನ ಫೋನಿನಲ್ಲಿ ಯಾರೋ ಒಬ್ಬರು ನಂಬರು ಕೇಳಿದರು. ಅವಳು ಹೇಳಿದಳು. ಅವರು ಬರೆದುಕೊಳ್ಳುವುದು ಬಿಟ್ಟು, “ನೀವು ಹಾಡತೀರೇನ್ರಿ?” ಎಂದು ಕೇಳಿದರು. ಮಾಯವ್ವ ಸಿಟ್ಟಿನಿಂದ ಲೈನು ಕಡಿದಳು. ಮರುದಿನ ಮತ್ತೆ ಅದೇ ದನಿ. “ತಪ್ಪು ತಿಳಕೋಬ್ಯಾಡ್ರಿ. ನಾ ಬಾಳಾಸಾಹೇಬ, ಖಡೇಬಜಾರದಾಗ ಬಟ್ಟಿ ಅಂಗಡಿ ಐತಿ. ನಿಮ್ಮ ಬಾಜು ಕೂಡೋ ಅನುರಾಧಾನ್ನ ಕೇಳ್ರಿ, ಆಕಿ ನಮ್ಮಲ್ಲಿ ಹಾಡತಾಳ.”

ಅನುರಾಧಾ ನಗುತ್ತ ಎಲ್ಲವನ್ನೂ ಹೇಳಿದಳು. ಬಾಳಾಸಾಹೇಬರು ಖಾನಾಪುರದವರು. ಎಳವೆಯಲ್ಲಿ ಕೆಲಕಾಲ ಹಿಂದೂಸ್ತಾನಿ ಗಾಯನ ಕಲಿತಿದ್ದರು. ಬೆಳಗಾವಿಯ ಕ್ಯಾಂಪ್ ಪ್ರದೇಶದ ಚರ್ಚಿನಲ್ಲಿ ಕ್ರಿಸ್‌ಮಸ್ಸಿನ ಹೊತ್ತಿಗೆ ಹತ್ತಾರು ಮಂದಿ ಸೇರಿ, ಒಬ್ಬರ ದನಿಯ ಮೇಲೆ ಒಬ್ಬರ ದನಿ ಪದರ ಪದರವಾಗಿ ಹಾಸಿ ಹಾಡುವುದನ್ನು ಕೇಳಿ ಮರುಳಾಗಿದ್ದರು. ನಮ್ಮ ವಚನ, ನಮ್ಮ ಜನಪದವನ್ನು ಹೀಗೇ ಹಾಡಿದರೆ ಹೇಗೆ ಎಂದು ಅನಗೋಳದ ತಮ್ಮ ಮನೆಯ ಅಟ್ಟದ ಕೋಣೆಯಲ್ಲಿ ಒಂದು ವೃಂದಗಾನ ಕೂಟ ಕಟ್ಟಿದ್ದರು. ಅಲ್ಲಿ ಮಾಸ್ತರರಿದ್ದರು, ನರ್ಸ್ ಇದ್ದಳು, ಬ್ಯಾಂಕಿನ ಗುಮಾಸ್ತರಿದ್ದರು. ಹಾರ್ಮೋನಿಯಂ ಇಲ್ಲ, ತಬಲಾ ಇಲ್ಲ, ಬರೀ ಕೊರಳು. “ವಾದ್ಯ ಅಂದ್ರ ಊರುಗೋಲು. ಕಾಲು ಗಟ್ಟಿ ಇದ್ದವರಿಗೆ ಯಾಕ ಬೇಕು?” ಎನ್ನುವುದು ಬಾಳಾಸಾಹೇಬರ ಮಾತು.

ಮಾಯವ್ವ ಹೋದಳು. ಹೋದವಳು ಅಲ್ಲಿಯೇ ನಿಂತುಬಿಟ್ಟಳು. ಶಾಲೆಯಲ್ಲಿ ಪ್ರಾರ್ಥನೆಯ ಸಾಲಿನಿಂದ ಹೊರಗೆ ಹಾಕಿಸಿಕೊಂಡಿದ್ದ ದನಿ ಅದು. ಇಲ್ಲಿ ಎಲ್ಲರ ಕೆಳಗೆ ನೆಲದ ಹಾಗೆ ಹಾಸಿಕೊಂಡಿತು, ಉಳಿದವರು ಅದರ ಮೇಲೆ ನಿಂತರು. ಅಷ್ಟೇ ಅಲ್ಲ, ಅವಳಿಗೆ ಇನ್ನೊಂದು ಕೆಲಸವೂ ಬಂತು. ವರ್ಷಗಟ್ಟಲೆ ದಿನವಿಡೀ ಫೋನಿನ ಆ ಒಂದೇ ಗುಂಯ್ ಎನ್ನುವ ನಾದ ಕಿವಿಯಲ್ಲಿ ತುಂಬಿಕೊಂಡು, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಅವಳು ಅದೇ ಸ್ವರವನ್ನು ಕೂದಲೆಳೆ ತಪ್ಪದೆ ಗುನುಗುತ್ತಿದ್ದಳು. ಅದರಿಂದ ಎಣಿಸಿಕೊಂಡು ಯಾವ ಹಾಡಿಗೆ ಎಷ್ಟು ಶ್ರುತಿ ಬೇಕೋ ಅಷ್ಟಕ್ಕೆ ಬಂದು ನಿಲ್ಲುತ್ತಿದ್ದಳು. ಹಾಗಾಗಿ ಪ್ರತಿ ಹಾಡಿಗೂ ಮೊದಲ ಸ್ವರ ಅವಳದು. ಅವಳು ಮೆಲ್ಲಗೆ ‘ಊಂ’ ಎಂದರೆ ಕೂಟದ ಎಲ್ಲರೂ ಅದನ್ನು ಹಿಡಿದು ಹೊರಡುತ್ತಿದ್ದರು.

ಒಂದು ಸಂಜೆ ತಾಲೀಮಿನ ನಡುವೆ ಚಹಾ ಕುಡಿಯುತ್ತ ಅವಳು ತನ್ನಷ್ಟಕ್ಕೆ ಏನೋ ಗುನುಗಿದಳು. ಬಾಳಾಸಾಹೇಬ ಕಪ್ಪು ಕೆಳಗಿಟ್ಟರು. “ಏನದು?”

“ನಮ್ಮವ್ವ ಕುರಿ ಕರೆಯೂ ಹಾಡ್ರಿ ಸರ್. ಹೊತ್ತ ಮುಳುಗೂವಾಗ.”

ಮುಂದಿನ ಭಾನುವಾರವೇ ಯಲ್ಲೇಶನ ಟೆಂಪೊದಲ್ಲಿ ಎಲ್ಲರೂ ಬೀಡಿಗೆ ಹೋದರು. ಮಾಯವ್ವನ ತಾಯಿ ನಿಂಗವ್ವ ಕುರಿಹಟ್ಟಿಯ ಬಾಜು ಕಂಬಳಿ ಹಾಸಿ ಕೂರಿಸಿ, ಎಲ್ಲರಿಗೂ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ ಕೊಟ್ಟಳು. ಆಮೇಲೆ ನಾಚಿಕೊಂಡು, ಸೆರಗು ಬಾಯಿಗೆ ಅಡ್ಡ ಹಿಡಿದು ಹಾಡಿದಳು.

‘ಬಾರ ಕರಿಮೋತಿ, ಬಾರ ಬಿಳಿಕಿವಿ,
ಹಳ್ಳದ ನೀರ ಕೆಂಪಾತು, ಹಟ್ಟೀಗಿ ಬಾರ’

ಕೊನೆಗೆ ಒಂದು ಉದ್ದನೆಯ ಕೂಗು, ‘ಹೋಽಽ’ ಎಂದು ಮೇಲಕ್ಕೇರಿ, ತುದಿಯಲ್ಲಿ ಒಡೆದು ಇಳಿಯುವಂಥದ್ದು. ಬಾಳಾಸಾಹೇಬ ಕಣ್ಣು ಮುಚ್ಚಿ ಕೇಳಿದರು. ಹೊರಡುವಾಗ ನಿಂಗವ್ವನ ಕಾಲಿಗೆ ನಮಸ್ಕಾರ ಮಾಡಿದರು. “ಹಾಡು ಮಾಡಿ ಮುಗಸ್ತೇವಿ, ನೀವು ಬೆಳಗಾವಿಗೆ ಬಂದ ಕೇಳಬೇಕ್ರಿ ಅವ್ವಾರ” ಎಂದು ಮಾತು ತೆಗೆದುಕೊಂಡರು. ಸುಳ್ಳಲ್ಲ, ಅವರು ಅದನ್ನು ಮೂರು ಪದರದಲ್ಲಿ ಕಟ್ಟಿದ್ದು ಚೆಲುವಾಗಿಯೇ ಇತ್ತು. ತುದಿಯ ಕೂಗನ್ನು ಮಾತ್ರ ತಮಗೇ ಇಟ್ಟುಕೊಂಡರು.

ತೊಂಬತ್ತೊಂಬತ್ತರ ದೀಪಾವಳಿ ಕಳೆದು ಬೆಳಗಾವಿಯ ದೊಡ್ಡ ಸಭಾಗೃಹವೊಂದರಲ್ಲಿ ಕೂಟದ ಕಛೇರಿ ಆಯಿತು. ನಿಂಗವ್ವ ಹೊಸ ಇಳಕಲ್ಲ ಸೀರೆ ಉಟ್ಟು, ಬಸ್ಸಿನಲ್ಲಿ ಬಂದು, ಮುಂದಿನ ಸಾಲಿನಲ್ಲಿ ಕಾಲು ಮೇಲೆಳೆದುಕೊಂಡು ಕೂತಳು. ಮಾಯವ್ವ ವೇದಿಕೆಯ ಮೇಲೆ ಸಾಲಿನ ತುದಿಯಲ್ಲಿ ನಿಂತಿದ್ದಳು. ಕೊನೆಯ ಹಾಡಿಗೆ ಮೊದಲು ಬಾಳಾಸಾಹೇಬ ಮೈಕಿನ ಮುಂದೆ ಬಂದರು.

“ಈ ಹಾಡು ಹೆಂಗ ಸಿಕ್ತು ಅನ್ನೂದು ಕೇಳ್ರಿ. ಬೀಡಿ ಕಡೆ ಒಬ್ಬಾಕಿ ಮುದುಕಿ ಕುರಿ ಕರೀತಿದ್ಲು. ಹೆಂಗ ಅಂತೀರಿ? ಹಿಂಗ!”

ಹೆಗಲ ಶಾಲನ್ನು ತಲೆಯ ಮೇಲೆ ಎಳೆದುಕೊಂಡರು. ಬೆನ್ನು ಬಗ್ಗಿಸಿದರು. ಸೆರಗು ಬಾಯಿಗೆ ಹಿಡಿದಂತೆ ಮಾಡಿ, ಮೂಗಿನಲ್ಲಿ, ಒಡಕು ದನಿಯಲ್ಲಿ ‘ಬಾರ ಕರಿಮೋತೀ’ ಎಂದು ಎಳೆದು, ಕೊನೆಗೆ ಕುರಿಯೇ ಅರಚಿದ ಹಾಗೆ ಕೂಗಿದರು. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ನಗು ನಿಲ್ಲುವವರೆಗೆ ಕಾದು, ಶಾಲು ಸರಿಮಾಡಿಕೊಂಡು ಬಾಳಾಸಾಹೇಬ ಅಂದರು: “ಇದು ಕಚ್ಚಾ ಮಾಲು. ಇದಕ್ಕ ನಾ ಸಂಸ್ಕಾರ ಕೊಟ್ಟೀನಿ. ಈಗ ಕೇಳ್ರಿ.”

ಮಾಯವ್ವ ತಾಯಿಯ ಕಡೆ ನೋಡಿದಳು. ಸುತ್ತಲಿನವರು ನಗುವುದನ್ನು ಕಂಡು ನಿಂಗವ್ವ ತಾನೂ ನಗುತ್ತಿದ್ದಳು. ಬಾಳಾಸಾಹೇಬ ಇವಳತ್ತ ತಿರುಗಿ ಕಣ್ಣಲ್ಲೇ ಶ್ರುತಿ ಕೇಳಿದರು. ಮಾಯವ್ವ ಕೊಟ್ಟಳು. ಸರಿಯಾದ ಶ್ರುತಿಯನ್ನೇ ಕೊಟ್ಟಳು. ಹಾಡಿದಳು. ಚಪ್ಪಾಳೆಗೆ ಎಲ್ಲರ ಜೊತೆ ಬಗ್ಗಿ ಕೈಮುಗಿದಳು.

ಮರುದಿನ ಖಾನಾಪುರ ಬಸ್ಸಿನಲ್ಲಿ ತಾಯಿಯನ್ನು ಬಿಡಲು ಹೋಗುವಾಗ ದೇಸೂರು ದಾಟಿತು. ನಿಂಗವ್ವ ಕಿಟಕಿಯಾಚೆ ನೋಡುತ್ತಲೇ ಕೇಳಿದಳು: “ಮಂದಿ ಯಾಕ ನಕ್ಕರವ್ವಾ?”

“ಸುಮ್ನ. ಚಾಷ್ಟಿಗೆ.”

“ನಾ ಹಂಗ ಹಾಡತೀನೇನು?”

ಅಂದಿನಿಂದ ನಿಂಗವ್ವ ಹಾಡುವುದು ನಿಂತಿತು. ಕುರಿಗಳನ್ನು ಶಿಳ್ಳೆ ಹಾಕಿ ಕರೆಯಲು ಜೊತೆಗಿದ್ದ ಮಗನ ಮಗನಿಗೆ ಹೇಳುತ್ತಿದ್ದಳಂತೆ. ಕೇಳಿದರೆ ಗಂಟಲು ನೋವು ಎನ್ನುತ್ತಿದ್ದಳಂತೆ.

ಮುಂದಿನ ತಾಲೀಮಿನಲ್ಲಿ ಮಾಯವ್ವ ಬಾಯಿಬಿಟ್ಟು ಹೇಳಿದಳು. “ಸರ್, ಅವತ್ತ ನಮ್ಮವ್ವ ಅಲ್ಲೇ ಕುಂತಿದ್ಲ್ರಿ.”

“ಗೊತ್ತಲ್ಲ! ನಾನ ಕರೆಸಿದ್ದು,” ಬಾಳಾಸಾಹೇಬ ನಕ್ಕರು. “ಆಕಿನೂ ನಕ್ಕಳಲ್ಲ, ನಾ ನೋಡಿದೆ. ಭಾಳ ಖುಷಿ ಆಗಿದ್ಲು.”

ಅವರ ಮುಖದಲ್ಲಿ ಕುಹಕವಿರಲಿಲ್ಲ. ಅದೇ ಮಾಯವ್ವನ ಎದೆಗೆ ಕೆಂಡ ಸುರಿದದ್ದು. ಬೇಕೆಂದು ಮಾಡಿದ್ದರೆ ಒಂದು ತೂಕ. ಈ ಮನುಷ್ಯನಿಗೆ ತಾನು ಮಾಡಿದ್ದೇನೆಂದೇ ತಿಳಿದಿಲ್ಲ. ಹೇಳಿ ತಿಳಿಸಿದರೆ ತಿಳಿಯುವ ಜಾತಿಯಲ್ಲ ಇದು, ಅನುಭವಿಸಿಯೇ ತಿಳಿಯಬೇಕು ಎಂದು ಅವಳು ಅಲ್ಲಿಯೇ, ಆ ಅಟ್ಟದ ಕೋಣೆಯಲ್ಲಿ ನಿಂತೇ ನಿಶ್ಚಯ ಮಾಡಿದಳು.

“ಬಿಟ್ಟ ಬಿಡು ಆ ಕೂಟ” ಎಂದಳು ಅನುರಾಧಾ.

“ಬಿಟ್ಟರ ಅಂವಗೇನ ನೋವು? ಇನ್ನೊಬ್ಬಾಕಿ ಸಿಗತಾಳ.”

ಬಿಡಲಿಲ್ಲ. ಎಲ್ಲರಿಗಿಂತ ಮೊದಲು ಬಂದು ಜಮಖಾನೆ ಹಾಸಿದಳು, ಎಲ್ಲರಿಗಿಂತ ಕೊನೆಗೆ ಹೋದಳು. ಅವರು ತಿದ್ದಿದರೆ ತಿದ್ದಿಕೊಂಡಳು, ಹೊಗಳಿದರೆ ತಲೆಬಾಗಿದಳು. ಒಳಗೊಳಗೆ ಅವರ ಕೊರಳನ್ನು ಓದುತ್ತಿದ್ದಳು. ಬೇಟೆಯವನು ಹಂದಿಯ ಜಾಡು ನೋಡಿದ ಹಾಗೆ ಅವರ ದನಿ ಎಲ್ಲಿ ಸಲೀಸು, ಎಲ್ಲಿ ಏದುಸಿರು, ಎಲ್ಲಿ ಕತ್ತಿನ ನರ ಉಬ್ಬುತ್ತದೆ ಎಂದು ನೋಡಿಕೊಂಡಳು. ಒಮ್ಮೆ ತಾಲೀಮಿನಲ್ಲಿ ಬೇಕೆಂದೇ ಶ್ರುತಿಯನ್ನು ಹಾರ್ಮೋನಿಯಂನ ಒಂದು ಮನೆಯಷ್ಟು, ಅಂದರೆ ಪಕ್ಕದ ಒಂದು ಪಟ್ಟಿಯಷ್ಟು, ಏರಿಸಿ ಕೊಟ್ಟಳು. ಯಾರಿಗೂ ಗೊತ್ತಾಗಲಿಲ್ಲ. ಬದಲಿಗೆ ಕೆಳಗಿನ ಸಾಲುಗಳು ಇನ್ನಷ್ಟು ಮಿಂಚಿದವು, ಬಾಳಾಸಾಹೇಬ “ಆಹಾ, ಇವತ್ತ ಎಲ್ಲಾರ ಕೊರಳೂ ಬಿಚ್ಚೇತಿ” ಎಂದರು. ತುದಿಯ ಕೂಗಿಗೆ ಹೋದಾಗ ಮಾತ್ರ ಅವರ ಮುಖ ಕೆಂಪಗಾಗಿ, ಹೇಗೋ ತಲುಪಿ ಇಳಿದರು. ಮಾಯವ್ವನಿಗೆ ಬೇಕಾದದ್ದು ಸಿಕ್ಕಿತು. ಒಂದು ಮನೆಗೆ ಇಷ್ಟಾದರೆ, ಮೂರು ಮನೆಗೆ?

ಒಂದು ವರ್ಷ ಅವಳು ಅದನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ತಿರುಗಿದಳು. ಊಟ ರುಚಿಸುತ್ತಿರಲಿಲ್ಲ, ಇದು ರುಚಿಸುತ್ತಿತ್ತು.

ಎರಡು ಸಾವಿರದ ಒಂದರ ಸಂಕ್ರಾಂತಿ ಮುಗಿದ ವಾರ ಖಾನಾಪುರದ ಹಿರಿಯರು ತಮ್ಮ ಊರ ಮಗನಿಗೆ ಸನ್ಮಾನ ಮಾಡಬೇಕೆಂದು ಕರೆದರು. ಶಾಲೆಯ ದೊಡ್ಡ ಸಭಾಂಗಣದಲ್ಲಿ ಕೂಟದ ಕಛೇರಿ, ಆಮೇಲೆ ಶಾಲು ಹೊದಿಸುವುದು. ಬಾಳಾಸಾಹೇಬ ಹಿಗ್ಗಿ ಹೀರೇಕಾಯಿಯಾದರು. ಒಂದೇ ಕೊರಗು ಅವರದು. “ನಮ್ಮವ್ವ ನನ್ನ ಹಾಡು ಸ್ಟೇಜಿನ ಮ್ಯಾಲ ಒಮ್ಮಿನೂ ಕೇಳಿಲ್ಲ. ಅಲ್ಲೇ ಅಣ್ಣನ ಮನ್ಯಾಗ ಇರತಾಳ. ಮೊಣಕಾಲ ನೋವು, ಎಲ್ಲೂ ಬರಂಗಿಲ್ಲ.”

“ನಮ್ಮ ಟೆಂಪೊ ಐತಲ್ರಿ ಸರ್,” ಮಾಯವ್ವ ಹೇಳಿದಳು. “ನಾ ಕರಕೊಂಡ ಬಂದು ಮುಂದ ಕುಂದರಸ್ತೀನಿ.”

ಬಾಳಾಸಾಹೇಬರ ಕಣ್ಣು ಒದ್ದೆಯಾಯಿತು. “ನೀ ನನ್ನ ಬೆನ್ನಾಗ ಬಿದ್ದ ತಂಗಿ ಇದ್ದಂಗ” ಎಂದರು.

ಯಲ್ಲೇಶನಿಗೆ ಮಾತ್ರ ಎಲ್ಲವೂ ಗೊತ್ತಿತ್ತು. ಟೆಂಪೊ ಒರೆಸುತ್ತ ಅವನು ಕೇಳಿದ: “ಅವರ ಮ್ಯಾಲ ಸಿಟ್ಟು, ಸರಿ. ಆ ಮುದುಕಿ ಏನ ಮಾಡ್ಯಾಳ?”

“ನಮ್ಮವ್ವ ಏನ ಮಾಡಿದ್ಲು?”

ಅವನು ಒರೆಸುವ ಬಟ್ಟೆಯನ್ನು ಸೀಟಿನ ಮೇಲೆ ಒಗೆದ. ಆದರೆ ಟೆಂಪೊ ಓಡಿಸಿದ.

ಬಾಳಾಸಾಹೇಬರ ತಾಯಿ ಬಸವಣ್ಣೆವ್ವ ಹಣೆತುಂಬ ವಿಭೂತಿ ಹಚ್ಚಿಕೊಂಡು ಬಾಗಿಲಲ್ಲೇ ಕಾದು ಕೂತಿದ್ದಳು. ಮಾಯವ್ವ ತೋಳು ಹಿಡಿದು ಹತ್ತಿಸುವಾಗ ಮುದುಕಿ ಸೆರಗಿನ ಗಂಟು ಬಿಚ್ಚಿ ಅವಳ ಅಂಗೈಗೆ ಎಳ್ಳು-ಸಕ್ಕರೆ ಹಾಕಿದಳು. “ಸಂಕ್ರಾಂತೀದು. ತಿನ್ನವಾ, ಸವಿ ಮಾತಾಡು.” ಮಾಯವ್ವ ಅಂಗೈಯನ್ನು ಬಾಯಿಗೆ ಒಯ್ದಳು. ಅಷ್ಟರಲ್ಲಿ ಮುದುಕಿ ತನ್ನ ಹಿಗ್ಗಿನಲ್ಲಿ ಮುಂದುವರಿಸಿದಳು: “ನನ್ನ ಮಗಾ ಕುರಿ ಕಾಯೋರ ಹಾಡಿಗೂ ಸಂಸ್ಕಾರ ಕೊಟ್ಟಾನಂತ. ಊರೆಲ್ಲಾ ಅದ ಮಾತು.” ಮಾಯವ್ವ ಎಳ್ಳನ್ನು ತಿನ್ನಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಕರವಸ್ತ್ರದಲ್ಲಿ ಕಟ್ಟಿಕೊಂಡಳು.

ಸಭಾಂಗಣ ಕಿಕ್ಕಿರಿದಿತ್ತು. ಕನ್ನಡದವರು, ಮರಾಠಿಯವರು, ಹೆಂಗಸರು, ಮಕ್ಕಳು, ಹಿಂದೆ ಗೋಡೆಗೆ ಒರಗಿ ನಿಂತ ಹುಡುಗರ ದಂಡು. ವಚನಗಳೆಲ್ಲ ಚೆನ್ನಾಗಿ ಆದವು. ಪ್ರತಿ ಹಾಡಿಗೂ ಮಾಯವ್ವ ಎಂದಿನ ಶ್ರುತಿ ಕೊಟ್ಟಳು. ಕೊನೆಗೆ ಕುರಿ ಕರೆಯುವ ಹಾಡು. ಬಾಳಾಸಾಹೇಬ ಮೈಕಿಗೆ ಬಂದು ಮತ್ತೆ ಶಾಲು ತಲೆಗೆ ಎಳೆದರು, ಮತ್ತೆ ಬೆನ್ನು ಬಗ್ಗಿಸಿದರು. ಖಾನಾಪುರವೂ ನಕ್ಕಿತು. ಬಸವಣ್ಣೆವ್ವ ತೊಡೆ ತಟ್ಟಿಕೊಂಡು ನಕ್ಕಳು. ಮಾಯವ್ವನಿಗೆ ಎಲ್ಲಾದರೂ ಒಂದು ಮೂಲೆಯಲ್ಲಿ ಹಿಂಜರಿಕೆ ಉಳಿದಿದ್ದರೆ ಅದೂ ಆಗ ಸುಟ್ಟುಹೋಯಿತು.

ಅವರು ತಿರುಗಿ ನೋಡಿದರು. ಅವಳು ‘ಊಂ’ ಎಂದಳು. ಮೂರು ಮನೆ ಮೇಲೆ.

ಅನುರಾಧಾಳ ಹುಬ್ಬು ಏರಿತು. ಓರೆಗಣ್ಣಿನಿಂದ ಮಾಯವ್ವನನ್ನು ನೋಡಿದಳು, ಮತ್ತೆ ಎದುರಿಗೆ ನೋಡಿ ಅದೇ ಶ್ರುತಿಯನ್ನು ಹಿಡಿದಳು. ಉಳಿದವರೂ ಹಿಡಿದರು. ಮೊದಲ ಸಾಲು ಗಂಟೆ ಬಾರಿಸಿದಂತೆ ಬಂತು. ಸಭೆ ಸ್ತಬ್ಧವಾಯಿತು. ಬಾಳಾಸಾಹೇಬರ ಮುಖದಲ್ಲಿ ಸಂತೋಷ ಹರಿದಾಡಿತು. ಎರಡನೆಯ ಸಾಲಿಗೆ ಹುಬ್ಬು ತುಸು ಗಂಟಾಯಿತು. ಮೂರನೆಯದಕ್ಕೆ ಅವರು ಮಾಯವ್ವನ ಕಡೆ ನೋಡಿದರು. ಅಷ್ಟರಲ್ಲಿ ಹೊಳೆಯ ಸೆಳವು ನೆಲದಿಂದ ಕಾಲು ಬಿಡಿಸಿಯಾಗಿತ್ತು. ಹತ್ತು ಮಂದಿಯ ಹಾಡನ್ನು ನಡುವೆ ಇಳಿಸುವುದು ಹೇಗೆ? ಎದೆ ತುಂಬ ಉಸಿರೆಳೆದು ಕೂಗಿಗೆ ಏರಿದರು.

ಏರಲಾಗಲಿಲ್ಲ. ‘ಹೋ’ ಎಂಬುದು ಹರೆಯದ ಹುಂಜದ ಮೊದಲ ಕೂಗಿನಂತೆ ಕೀಚಲಾಗಿ ಹರಿದು, ಕೆಮ್ಮಾಗಿ ಮುಗಿಯಿತು. ಕೈಯೆತ್ತಿ ಮತ್ತೊಮ್ಮೆ ಯತ್ನಿಸಿದರು. ಈ ಸಲ ಬರೀ ಗಾಳಿ. ಹಿಂದಿನಿಂದ ಒಬ್ಬ ಹುಡುಗ ಹುಂಜದಂತೆ ಕೂಗಿದ. ಇನ್ನೊಬ್ಬ ಕುರಿಯಂತೆ. “ಪುರೇ! ಪುರೇ!” ಸಾಕು ನಿಲ್ಲಿಸಿ ಎಂದು ಮರಾಠಿಯಲ್ಲಿ ಕೂಗಿದರು ಯಾರೋ. ನಗು ಹಿಂದಿನ ಗೋಡೆಯಿಂದ ಹೊರಟು ಮುಂದಿನ ಕುರ್ಚಿಗಳವರೆಗೆ ನೆರೆಯಂತೆ ಬಂತು. ಕೂಟದ ದನಿಗಳು ಒಂದೊಂದಾಗಿ ನಿಂತುಹೋದವು.

ಉರಿಬಿಸಿಲಲ್ಲಿ ನಡೆದು ಬಂದು ಮಡಕೆಯ ನೀರು ಕುಡಿದಂತೆ ಮಾಯವ್ವನ ಒಡಲೆಲ್ಲ ತಣ್ಣಗಾಯಿತು. ಅವಳು ನಗಲಿಲ್ಲ. ಬಾಕಿ ಉಳಿದದ್ದು ಒಂದೇ. ಅದನ್ನು ನೋಡಲು ಮುಂದಿನ ಸಾಲಿಗೆ ಕಣ್ಣು ಹೊರಳಿಸಿದಳು. ಮಗನನ್ನು ನೋಡಿ ಜನ ನಗುವಾಗ ಆ ತಾಯಿ ಏನು ಮಾಡುತ್ತಾಳೆ? ಎಲ್ಲರ ಜೊತೆ ನಗುತ್ತಾಳೆಯೇ?

ಬಸವಣ್ಣೆವ್ವ ಎರಡೂ ಕೈ ಕುರ್ಚಿಗೆ ಊರಿ ಏಳುತ್ತಿದ್ದಳು. ನೋವಿಗೆ ತುಟಿ ಕಚ್ಚಿ ಎದ್ದಳು. ವೇದಿಕೆಗೆ ಬೆನ್ನು ಮಾಡಿ ಸಭೆಗೆ ಮುಖ ತಿರುಗಿಸಿದಳು.

“ಯಾಕ ನಗತೀರೋ?” ಮೈಕು ಬೇಕಿಲ್ಲದ ದನಿ ಅದು. “ನಿಮ್ಮ ಮನ್ಯಾಗ ಯಾರ ಗಂಟಲೂ ಕಟ್ಟೂದಿಲ್ಲೇನು? ನಗೋರು ಇಲ್ಲೆ ಬರ್ರಿ. ಬಂದ ಹಾಡ್ರಿ, ನಾನೂ ನಗತೀನಿ!”

ಸಭೆ ತೆಪ್ಪಗಾಯಿತು. ಹಿಂದಿನ ಹುಡುಗರು ಒಬ್ಬರ ಹಿಂದೊಬ್ಬರು ಅಡಗಿದರು. ಮುದುಕಿ ಇನ್ನೂ ಒಂದಿಷ್ಟು ಹೊತ್ತು ಎಲ್ಲರನ್ನೂ ದಿಟ್ಟಿಸಿ, ಆಮೇಲೆ ಕೂತಳು. ಹಿರಿಯರೊಬ್ಬರು ಓಡಿಬಂದು ಅವಸರದಲ್ಲಿ ಶಾಲು ಹೊದಿಸಿದರು. ಬಾಳಾಸಾಹೇಬ ತಲೆಯೆತ್ತದೆ ಹೊದಿಸಿಕೊಂಡರು.

ಮಾಯವ್ವ ಕಲ್ಲಾಗಿ ನಿಂತಿದ್ದಳು. ವರ್ಷವಿಡೀ ಕಾದ ಆ ತಣ್ಣನೆಯ ಗುಟುಕು ಕಹಿಯಾಯಿತು. ಅವತ್ತು ಬೆಳಗಾವಿಯಲ್ಲಿ ಯಾರೂ ಹೀಗೆ ಎದ್ದು ನಿಂತಿರಲಿಲ್ಲ. ಅವತ್ತು ಮೈಕು ಮಾಯವ್ವನಿಂದ ಎರಡೇ ಮಾರು ದೂರದಲ್ಲಿತ್ತು, ಅವಳು ಬರೀ ಶ್ರುತಿ ಕೊಟ್ಟಿದ್ದಳು.

ವೇದಿಕೆಯ ಹಿಂದಿನ ಕೋಣೆಯಲ್ಲಿ ಬಾಳಾಸಾಹೇಬ ಅವಳಿಗಾಗಿ ಕಾದಿದ್ದರು. ಉಳಿದವರು ಹೊರಗೆ ಹೋದರು.

“ಎಷ್ಟ ಏರಿಸಿದಿ?”

“ಮೂರು ಮನೀರಿ.”

“ಬೇಕಂತ?”

“ಹೌದ್ರಿ. ಬೇಕಂತ.”

“ನನ್ನ ಮ್ಯಾಲ ಸಿಟ್ಟಿದ್ರ ಬಾಯಿಬಿಟ್ಟ ಹೇಳಬೇಕಿತ್ತು ಮಾಯಾ.”

“ಹೇಳಿದ್ನಲ್ರಿ. ‘ಆಕಿನೂ ನಕ್ಕಳಲ್ಲ’ ಅಂದ್ರಿ.”

ಬಾಳಾಸಾಹೇಬ ಮೊದಲು ಅರ್ಥವಾಗದೆ ನೋಡಿದರು. ಆಮೇಲೆ ಅರ್ಥವಾಯಿತು. ಅದು ಅವರ ಮುಖದ ಮೇಲೆ ಬಂದದ್ದನ್ನು ಮಾಯವ್ವ ಕಣ್ಣಾರೆ ಕಂಡಳು, ಹೊಟ್ಟೆ ತುಂಬ ಕಂಡಳು.

“ಆದರ ನಮ್ಮವ್ವನ ಯಾಕ ಕರಕೊಂಡ ಬಂದಿ?” ಅವರ ದನಿ ಪೂರಾ ಹೋಗಿತ್ತು.

“ನೀವು ನಮ್ಮವ್ವನ ಯಾಕ ಕರೆಸಿದ್ರಿ?”

ಬಸವಣ್ಣೆವ್ವನನ್ನು ಮನೆಗೆ ಮುಟ್ಟಿಸಬೇಕಾದವಳೂ ಅವಳೇ. ಟೆಂಪೊದಲ್ಲಿ ಮುದುಕಿ ದಾರಿಯುದ್ದಕ್ಕೂ ಅವಳ ಕೈ ಬಿಡಲಿಲ್ಲ. “ನಿನ್ನ ದನಿ ಗಟ್ಟಿ ಐತಿ ಮಗಳ. ಅಂವಗ ನೆಗಡಿ ಆಗೇತಿ. ಅರಿಶಿನ ಹಾಲು ಕುಡಸು ಅಂತ ಅವನ ಹೇಂತಿಗೆ ಹೇಳು.” ಮಾಯವ್ವ “ಹೂಂನ್ರಿ” ಎಂದಳು.

ಮರುವಾರ ಬೀಡಿಗೆ ಹೋಗಿ ತಾಯಿಯ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ನಿಂಗವ್ವ ಉಣ್ಣೆ ಬಿಡಿಸುತ್ತ ಕೇಳಿದಳು. “ಹುಂಜದಂಗ ಕೂಗಿದನೇನು? ಖರೇನ?” ಎಂದು ಎರಡೆರಡು ಸಲ ಹೇಳಿಸಿದಳು. ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು, ಕೆಮ್ಮು ಹತ್ತುವಷ್ಟು ನಕ್ಕಳು. ಮಾಯವ್ವನಿಗೆ ಇಷ್ಟಕ್ಕೇ ತಾನು ಬಂದದ್ದು ಅನ್ನಿಸಿತು.

“ಅವನ ಅವ್ವ ಬಂದಿದ್ಲಂದಿ. ಆಕಿ ಏನ ಮಾಡಿದ್ಲು?”

ಮಾಯವ್ವ ಮುಚ್ಚಿಡಲಿಲ್ಲ. ನಿಂಗವ್ವನ ಬೆರಳು ಉಣ್ಣೆಯಲ್ಲೇ ನಿಂತವು.

“ಎದ್ದ ನಿಂತಳು? ಅಷ್ಟ ಮಂದ್ಯಾಗ?”

“ಹೂಂ.”

“ಚಲೋ ಹೆಣಮಗಳು” ಎಂದಳು ನಿಂಗವ್ವ. ಮತ್ತೆ ಉಣ್ಣೆ ಬಿಡಿಸತೊಡಗಿದಳು. ಮಗಳ ಮುಖ ನೋಡಲಿಲ್ಲ.

ಬಾಳಾಸಾಹೇಬರ ಅಟ್ಟದ ಬಾಗಿಲು ಆಮೇಲೆ ತೆರೆಯಲಿಲ್ಲ. ಅವರು ಬಟ್ಟೆ ಅಂಗಡಿಯಲ್ಲಿ ಕೂತಿರುತ್ತಿದ್ದರು. ಮಾಯವ್ವ ಖಡೇಬಜಾರಕ್ಕೆ ಹೋದರೆ ಆ ಸಾಲು ಬಿಟ್ಟು ಆಚೆಯಿಂದ ಹೋಗುತ್ತಿದ್ದಳು. ಮಳೆಗಾಲದ ಹೊತ್ತಿಗೆ ಕೂಟ ಅನುರಾಧಾಳ ಮನೆಯ ಪಡಸಾಲೆಯಲ್ಲಿ ಮತ್ತೆ ಸೇರಿತು. ಮಾಯವ್ವನನ್ನೂ ಕರೆದರು, ಅವಳ ದನಿಯಿಲ್ಲದೆ ಹಾಡಿಗೆ ನೆಲವೇ ಇರಲಿಲ್ಲ. ಆದರೆ ಅವಳು ಹೋದ ಮೊದಲ ದಿನವೇ ಜಮಖಾನೆಯ ನಡುವೆ ಒಂದು ಹಳೆಯ ಹಾರ್ಮೋನಿಯಂ ಕೂತಿತ್ತು. ಮಾಯವ್ವ ಶ್ರುತಿ ಕೊಡಲು ಬಾಯಿ ತೆರೆದಳು. ಅನುರಾಧಾ ತಲೆ ತಗ್ಗಿಸಿ, “ಇರಲಿ ಬಿಡ, ಇದರಾಗ ಹಿಡಕೋತೀವಿ” ಎಂದು ಮನೆ ಒತ್ತಿದಳು. ಎಲ್ಲರೂ ಪೆಟ್ಟಿಗೆಯ ಸ್ವರ ಹಿಡಿದರು, ಮಾಯವ್ವನೂ ಹಿಡಿದಳು.

ಮನೆಗೆ ಬಂದು ಯಲ್ಲೇಶನಿಗೆ ಅದನ್ನು ಹೇಳಿದಳು. ಅವನು “ಮಾಡಬಾರದಿತ್ತು ಅನಸ್ತದೇನು?” ಎಂದು ಕೇಳಿದ.

ಮಾಯವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಇನ್ನೊಮ್ಮಿ ಅಂಥಾ ವ್ಯಾಳ್ಯಾ ಬಂದರೂ ಅಷ್ಟ ಏರಿಸ್ತೀನಿ,” ಎಂದಳು. ಹಂಚಿನ ಮೇಲೆ ರೊಟ್ಟಿ ಹಾಕಿ, ನೀರು ಸವರಿ, ಅದು ಉಬ್ಬಿದ ಮೇಲೆ ತಿರುವಿದಳು. “ಮುದುಕೀನ್ನ ಮಾತ್ರ ಕರಕೊಂಡ ಬರೂದಿಲ್ಲ.”